ಡ್ರಿಲ್ ಬಿಟ್ ಅಳತೆಯಲ್ಲಿ ಕ್ಯಾಮ್ ಕೂರಿಸಿದ್ದು: ನನ್ನ ಅನುಭವ

ಇಂಜಿನ್ ಹೆಡ್ ಮೇಲೆ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನು, ಅದನ್ನು ಹಿಡಿಯುವ ಕ್ಯಾಪ್‌ಗಳ ಗ್ಯಾಪ್ ಅಳೆಯುತ್ತಾ ಕೂರಿಸಲು ಶುರು ಮಾಡಿ ಹನ್ನೊಂದು ಹೆಡ್ ಆಯಿತು. ಒಂದೂ ಕ್ಯಾಪ್ ಮುರಿದಿಲ್ಲ. ಹೆಡ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಒಂದೂ ಎಣ್ಣೆ ಸೋರಿಲ್ಲ. ಇನ್ನು ಬರೆಯಬಹುದು ಅನ್ನಿಸಿತು. ಮೊದಲ ಹೆಡ್ ಸರಿ ಹೋದಾಗಲೇ ಬರೆದಿದ್ದರೆ "ಒಂದು ಸಲ ಅದೃಷ್ಟ ಕೈ ಹಿಡಿದಿದೆ, ಅಷ್ಟೇ" ಅನ್ನುತ್ತಿದ್ದರು. ಮುಖಕ್ಕೇ ಹಾಗೆ ಹೇಳಿದವರೂ ಇದ್ದಾರೆ.

ನಾನು ಹೇಳುತ್ತಿರುವುದು ಎರಡು ಕ್ಯಾಮ್, ಹದಿನಾರು ವಾಲ್ವ್, ಬಕೆಟ್ ಟ್ಯಾಪೆಟ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಬಟ್ಟಲು) ಇರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಬಗ್ಗೆ. ಹೆಡ್ ಕೂರಿಸಿ, ಹೆಡ್ ಬೋಲ್ಟ್ ಬಿಗಿ ಮಾಡಿ ಆಗಿದೆ. ಅಲ್ಲಿಂದ ಮುಂದಿನ ಕೆಲಸ ಇದು. ಗುರುತು ಹಾಕುವುದು, ಬಕೆಟ್‌ಗಳನ್ನು ಮೊಟ್ಟೆ ಟ್ರೇನಲ್ಲಿ ಸಾಲಾಗಿ ಇಡುವುದು, ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ. ಬಿಡೋಣ.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. ಈ ಅಳತೆ ಶುರು ಮಾಡುವ ಮುಂಚೆ, ನನ್ನ ಎರಡನೇ ಹೆಡ್ ಕೆಲಸದಲ್ಲೇ ಎಕ್ಸಾಸ್ಟ್ ಕ್ಯಾಮ್‌ನ ಮುಂದಿನ ಕ್ಯಾಪ್ ಸೀಳಿತು. ಚೈನ್ ಕಡೆಯಿರುವ, ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕ್ಯಾಪ್ ಅದು. ದೊಡ್ಡದಾಗಿದೆ, ಗಟ್ಟಿ ಇರುತ್ತದೆ ಅಂದುಕೊಂಡು ಮೊದಲು ಅದನ್ನೇ ಬಿಗಿ ಮಾಡಿದ್ದೆ. "ಟಕ್" ಅಂತ ಸಣ್ಣ ಸದ್ದು. ಮೊದಲಿಗೆ ಪಾನ ಜಾರಿತು ಅಂದುಕೊಂಡೆ. ಆಮೇಲೆ ನೋಡಿದರೆ ಬೋಲ್ಟ್ ತೂತಿನಿಂದ ಅಂಚಿನವರೆಗೆ ಕೂದಲಿನಷ್ಟು ತೆಳು ಗೆರೆ.

ಕ್ಯಾಪ್ ಬಿಡಿಯಾಗಿ ಸಿಗುವುದಿಲ್ಲ. ಹೆಡ್ಡಿಗೆ ಹಾಕಿ, ಒಟ್ಟಿಗೇ ಬೋರ್ ಮಾಡಿದ ಕ್ಯಾಪ್‌ಗಳು ಅವು. ಇನ್ನೊಂದು ಹೆಡ್ಡಿನದು ತಂದು ಹಾಕಿದರೆ ಶಾಫ್ಟ್ ತಿರುಗದೆ ಹಿಡಿದುಕೊಳ್ಳುತ್ತದೆ, ಇಲ್ಲವೇ ಸಡಿಲ ಬಿದ್ದು ಎಣ್ಣೆ ಒತ್ತಡ ಕಳೆಯುತ್ತದೆ. ಹಳೆಯ ಹೆಡ್ ಒಂದನ್ನು ಇಡಿಯಾಗಿ ತಂದೆ. ಅದನ್ನು ಫೇಸಿಂಗ್ ಮಾಡಿಸಿದ್ದು, ಹೊಸ ಹೆಡ್ ಪ್ಯಾಕಿಂಗ್, ಹೊಸ ಹೆಡ್ ಬೋಲ್ಟ್, ಮತ್ತೆ ಎಣ್ಣೆ, ಕೂಲಂಟ್. ಆ ಗಾಡಿಗೆ ಬರಬೇಕಿದ್ದ ಕೂಲಿ ಪೂರ್ತಿ ಹೋಯಿತು. ಅದರ ಮೇಲೆ ಆ ಕೂಲಿಯ ಎರಡು ಪಟ್ಟು ಕೈಯಿಂದ ಹೋಯಿತು. ಎರಡು ವಾರ ಗಾಡಿ ಜಾಗ ಹಿಡಿದು ನಿಂತಿದ್ದು ಬೇರೆ.

ಮುಂದಿನ ಪೆಟ್ಟು ಟಾರ್ಕ್ ರೆಂಚಿನದು, ಇಟ್ಟ ಬಿಗಿ ಬಂದಾಗ ಕ್ಲಿಕ್ ಅನ್ನುವ ಪಾನ. ನನ್ನ ಹತ್ತಿರ ಇದ್ದದ್ದು ಅರ್ಧ ಇಂಚಿನ ದೊಡ್ಡ ರೆಂಚ್ ಒಂದೇ. ಅದರ ಅಳತೆ ಶುರುವಾಗುವುದೇ 28 ನ್ಯೂಟನ್ ಮೀಟರ್‌ನಿಂದ. ಕ್ಯಾಪ್ ಬೋಲ್ಟ್‌ಗೆ ಬೇಕಾದದ್ದು 11 ಆಸುಪಾಸು. ಹಿಡಿಯನ್ನು ಗೆರೆಗಿಂತ ಕೆಳಗೆ ತಿರುಗಿಸಿ ಅಂದಾಜಿನಲ್ಲಿ ಇಟ್ಟುಕೊಂಡೆ. ಕ್ಲಿಕ್ ಬರಲೇ ಇಲ್ಲ. ಬೋಲ್ಟ್ ಮೆತ್ತಗಾಯಿತು. ಆ ಮೆತ್ತಗಾಗುವುದು ಕೈಗೆ ಹೇಗೆ ಗೊತ್ತಾಗುತ್ತದೆ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಹೆಡ್ಡಿನ ಥ್ರೆಡ್ ಬೋಲ್ಟ್ ಜೊತೆ ಸುರುಳಿಯಾಗಿ ಮೇಲೆ ಬಂತು. ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿ ಸರಿ ಮಾಡಿದೆ. ಮರುದಿನವೇ ಕಾಲು ಇಂಚಿನ ಸಣ್ಣ ರೆಂಚ್ ಕೊಂಡೆ, 5ರಿಂದ 25ರವರೆಗಿನದು. ನನ್ನ ಪೆಟ್ಟಿಗೆಯಲ್ಲಿ ಹಾಕಿದ ದುಡ್ಡನ್ನು ಎಲ್ಲಕ್ಕಿಂತ ಬೇಗ ತೀರಿಸಿದ್ದು ಅದೇ.

ಆ ಸೀಳಿದ ಕ್ಯಾಪ್ ಮಾತ್ರ ತಲೆಯಿಂದ ಹೋಗಲಿಲ್ಲ. ಒಂದು ರಾತ್ರಿ ಕೆಟ್ಟ ಹೆಡ್ಡನ್ನು ಬೆಂಚ್ ಮೇಲಿಟ್ಟು, ಕ್ಯಾಮ್ ಸುಮ್ನೆ ಮಲಗಿಸಿ, ಬಗ್ಗಿ ಪಕ್ಕದಿಂದ ನೋಡಿದೆ. ಶಾಫ್ಟ್ ಏತದ ಹಾಗೆ ವಾಲಿಕೊಂಡಿತ್ತು. ಒಂದನೇ ಸಿಲಿಂಡರ್ ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬಂದಿರುವ ಜಾಗ) ಗುರುತಿನಲ್ಲಿ ಕ್ಯಾಮ್ ಇಟ್ಟರೆ, 1-3-4-2 ಫೈರಿಂಗ್ ಆರ್ಡರ್‌ನಲ್ಲಿ ಇನ್‌ಟೇಕ್ ಕ್ಯಾಮ್ ಮುಖ್ಯವಾಗಿ ಮೂರನೆಯ ಸಿಲಿಂಡರ್ ವಾಲ್ವ್‌ಗಳ ಮೇಲೆ ಕೂರುತ್ತದೆ. ಎಕ್ಸಾಸ್ಟ್ ಕ್ಯಾಮ್ ಎರಡನೆಯದರ ಮೇಲೆ. ಅಲ್ಲಿ ಸ್ಪ್ರಿಂಗ್ ಎತ್ತಿ ಹಿಡಿದಿರುತ್ತದೆ, ಒಂದು ತುದಿ ಕೆಳಗೆ ತಾಗಿರುತ್ತದೆ, ಇನ್ನೊಂದು ತುದಿ ಗಾಳಿಯಲ್ಲಿ. ವಾಲಿದ ಶಾಫ್ಟ್ ಮೇಲೆ ಮುಂದಿನ ಕ್ಯಾಪ್ ಬಿಗಿ ಮಾಡಿದರೆ ಭಾರ ಪೂರ್ತಿ ಅದರ ಒಂದು ಅಂಚಿನ ಮೇಲೆ ಬೀಳುತ್ತದೆ. ಸೀಳದೆ ಏನಾಗುತ್ತದೆ?

ನಡುವಿನಿಂದ ಹೊರಗೆ, ಸ್ವಲ್ಪ ಸ್ವಲ್ಪ ಬಿಗಿ ಮಾಡಿ ಅಂತ ಮ್ಯಾನ್ಯುಯಲ್ ಹೇಳುತ್ತದೆ. ಸರಿಯೇ. ಆದರೆ "ಸ್ವಲ್ಪ" ಅಂದರೆ ಎಷ್ಟು? ಶಾಫ್ಟ್ ನೇರ ಇಳಿಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಅಳತೆ ಬೇಕು ಅನ್ನಿಸಿತು. ಕ್ಯಾಪ್ ಕಾಲಿಗೂ ಹೆಡ್ಡಿಗೂ ನಡುವೆ ಇರುವ ಗ್ಯಾಪ್ ಅಳೆಯಬೇಕು. ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಲೋಹದ ಎಲೆಗಳು, 1 ಎಂಎಂಗೆ ಮುಗಿದುಹೋಗುತ್ತದೆ, ಶುರುವಿನಲ್ಲಿ ಗ್ಯಾಪ್ ಮೂರು ಎಂಎಂ ದಾಟಿರುತ್ತದೆ. ಕೈಗೆ ಸಿಕ್ಕಿದ್ದು ಡ್ರಿಲ್ ಬಿಟ್ ಪೆಟ್ಟಿಗೆ. ಬಿಟ್‌ನ ನುಣುಪಾದ ಹಿಂಭಾಗ ಒಳ್ಳೆಯ ಗೇಜ್. 4, 3.5, 3, ಹೀಗೆ ಅರ್ಧರ್ಧ ಎಂಎಂ ಇಳಿಸುತ್ತಾ 1ರವರೆಗೆ ಬಿಟ್, ಅಲ್ಲಿಂದ ಕೆಳಗೆ ಫೀಲರ್.

ಈಗ ನಾನು ಮಾಡುವುದು ಹೀಗೆ. ಮೊದಲು ಕ್ರ್ಯಾಂಕನ್ನು ಟಿಡಿಸಿಯಿಂದ ಸುಮಾರು 90 ಡಿಗ್ರಿ ಸರಿಸುತ್ತೇನೆ. ನಾಲ್ಕೂ ಪಿಸ್ಟನ್ ಅರ್ಧ ದಾರಿಯಲ್ಲಿ ನಿಲ್ಲುತ್ತವೆ, ವಾಲ್ವ್ ತಾಗುವ ಭಯ ಇಲ್ಲ. ಜರ್ನಲ್‌ಗಳಿಗೂ (ಕ್ಯಾಪ್ ಅಡಿ ತಿರುಗುವ ದುಂಡು ಭಾಗ) ಲೋಬ್‌ಗಳಿಗೂ (ವಾಲ್ವ್ ಒತ್ತುವ ಉಬ್ಬು) ಅಸೆಂಬ್ಲಿ ಲ್ಯೂಬ್ ಹಚ್ಚಿ ಕ್ಯಾಮ್ ಮಲಗಿಸುತ್ತೇನೆ. ಕ್ಯಾಪ್‌ಗಳನ್ನು ನಂಬರ್ ಮತ್ತು ಬಾಣ ನೋಡಿ ಇಟ್ಟು, ಎಲ್ಲಾ ಬೋಲ್ಟ್ ಬೆರಳಲ್ಲೇ ಹಿಡಿಸುತ್ತೇನೆ. ಆಮೇಲೆ ಗ್ಯಾಪ್‌ಗಳನ್ನು ಸಾಲಾಗಿ ಅಳೆದು ಒಂದು ರಟ್ಟಿನ ಮೇಲೆ ಬರೆಯುತ್ತೇನೆ. ನೋಡಬೇಕಾದದ್ದು ಎರಡೇ. ಒಂದೇ ಕ್ಯಾಪ್‌ನ ಎರಡು ಕಾಲುಗಳ ಗ್ಯಾಪ್ ಸಮ ಇರಬೇಕು. ಮುಂದಿನಿಂದ ಹಿಂದಿನವರೆಗೆ ಗ್ಯಾಪ್‌ಗಳು ಒಂದೇ ಇಳಿಜಾರಿನಲ್ಲಿ ಇರಬೇಕು. 0.5, 1.5, 2.5, 3.5 ಅಂತ ಹೋದರೆ ಶಾಫ್ಟ್ ವಾಲಿದೆ ಅಷ್ಟೇ, ಬಾಗಿಲ್ಲ. 0.5, 1.5, 1.5, 3.5 ಬಂದರೆ ಮೂರನೇ ಕ್ಯಾಪ್ ಹತ್ತಿರ ಶಾಫ್ಟನ್ನು ನೀವು ಬಗ್ಗಿಸುತ್ತಿದ್ದೀರಿ. ಅಲ್ಲಿ ಬಿಟ್ಟು ಪಕ್ಕದ್ದನ್ನು ಇಳಿಸಿ.

ಒತ್ತುತ್ತಿರುವ ಲೋಬಿನ ಎರಡೂ ಪಕ್ಕದ ಕ್ಯಾಪ್‌ಗಳನ್ನು ಕಾಲು ಕಾಲು ಸುತ್ತು ಇಳಿಸುತ್ತಾ ಹೋಗುತ್ತೇನೆ. ಮುಂದಿನ ದೊಡ್ಡ ಕ್ಯಾಪ್ ಕೊನೆಯವರೆಗೂ ಬೆರಳ ಬಿಗಿಯಲ್ಲೇ ಇರುತ್ತದೆ. ಉಳಿದೆಲ್ಲ ಕ್ಯಾಪ್ ಅಡಿಗೆ 0.05 ಎಂಎಂ ಫೀಲರ್ ಎಲೆ ಕೂಡ ಹೋಗದಂತೆ ಆದ ಮೇಲೆ ಅದನ್ನು ಕೂರಿಸುವುದು. ಕೊನೆಗೆ ಟಾರ್ಕ್. ಗುರುತಿಗಿಂತ ಬೇರೆ ಒಂದು ಕೋನದಲ್ಲಿ ಕ್ಯಾಮ್ ಮಲಗಿಸಿದರೆ ಸ್ಪ್ರಿಂಗ್ ಒತ್ತಡ ಇನ್ನೂ ಕಡಿಮೆ ಆಗುತ್ತದೆ. ಆ ಕೋನ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಒಂದೊಂದು ಇಂಜಿನ್‌ಗೆ ಒಂದೊಂದು. ನಾನು ಎರಡು ಹೆಡ್ ಮುಂದೆ ರಾತ್ರಿಗಟ್ಟಲೆ ಕೂತು ಹುಡುಕಿಕೊಂಡಿದ್ದು ಅದು. ನನ್ನ ಹತ್ತಿರವೇ ಇರಲಿ.

ಇದನ್ನು ನೋಡಿದ ಹಿರಿಯ ಮೇಸ್ತ್ರಿಯೊಬ್ಬರು "ಏನಪ್ಪಾ, ಒಂದು ಕ್ಯಾಮ್‌ಗೆ ಮುಕ್ಕಾಲು ಗಂಟೆನಾ? ಇಂಪ್ಯಾಕ್ಟ್ ಗನ್ ಹಿಡಿದರೆ ಎರಡು ನಿಮಿಷ" ಅಂದರು. "ಮೇಸ್ತ್ರಿ, ನಿಮ್ಮ ಕೈಗೆ ಮೂವತ್ತು ವರ್ಷದ ಅಂದಾಜಿದೆ. ನನಗೆ ಅದಿಲ್ಲ, ಅದಕ್ಕೇ ಅಳತೆ ಇಟ್ಟುಕೊಂಡಿದ್ದೇನೆ" ಅಂದೆ. ಅವರು ಒಪ್ಪಲಿಲ್ಲ. ಈಗ ಮುಕ್ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿದಿದೆ.

ಈ ಅಳತೆಯಿಂದ ಕೇಳದೇ ಸಿಕ್ಕ ಲಾಭವೂ ಒಂದಿದೆ. ಐದನೆಯದೋ ಆರನೆಯದೋ ಹೆಡ್. ಒಂದು ಬೋಲ್ಟ್‌ಗೆ ಕ್ಲಿಕ್ ಸರಿಯಾಗಿ ಬಂತು, ಆದರೆ ಕ್ಯಾಪ್ ಅಡಿ 0.15 ಎಲೆ ಸಲೀಸಾಗಿ ಹೋಯಿತು. ಬಿಚ್ಚಿ ನೋಡಿದರೆ ಬೋಲ್ಟ್ ತೂತಿನ ತಳದಲ್ಲಿ ಎಣ್ಣೆ ನಿಂತಿತ್ತು. ಬೋಲ್ಟ್ ಎಣ್ಣೆಯನ್ನು ಒತ್ತುತ್ತಿತ್ತು, ಕ್ಯಾಪನ್ನಲ್ಲ. ಇನ್ನೊಂದು ಸುತ್ತು ಎಳೆದಿದ್ದರೆ ಹೆಡ್ಡೇ ಸೀಳುತ್ತಿತ್ತು. ಕ್ಲಿಕ್ ಒಂದನ್ನೇ ನಂಬಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂದಿನಿಂದ ಪ್ರತಿ ತೂತಿಗೂ ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒರೆಸಿ, ಗಾಳಿ ಹೊಡೆಯುತ್ತೇನೆ. ಗಾಳಿ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಎಣ್ಣೆ ನೇರ ಕಣ್ಣಿಗೇ ಚಿಮ್ಮುತ್ತದೆ.

ಅದೇ ಕುತೂಹಲಕ್ಕೆ ಕೆಟ್ಟ ಹೆಡ್ಡಿನ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಒಂದೇ ತರಹದ ಎರಡು ಬೋಲ್ಟ್, ಒಂದು ಒಣ, ಒಂದಕ್ಕೆ ಎಣ್ಣೆ. ಎರಡಕ್ಕೂ 11. ಎಣ್ಣೆ ಹಚ್ಚಿದ್ದು ಹೆಚ್ಚು ಕಡಿಮೆ ಎಂಟನೇ ಒಂದು ಸುತ್ತು ಜಾಸ್ತಿ ತಿರುಗಿತು. ರೆಂಚ್ ಅದೇ ಅಂಕಿ ತೋರಿಸಿದರೂ ಬೋಲ್ಟ್ ಮೇಲಿನ ಎಳೆತ ಬೇರೆ. ಎಣ್ಣೆ ಹಚ್ಚಿ ಅಂತ ಆ ಇಂಜಿನ್ ಮ್ಯಾನ್ಯುಯಲ್ ಹೇಳದಿದ್ದರೆ ನಾನು ಹಚ್ಚುವುದಿಲ್ಲ.

ವಾಲ್ವ್ ಕ್ಲಿಯರೆನ್ಸ್, ಅಂದರೆ ಲೋಬಿಗೂ ಬಕೆಟ್‌ಗೂ ನಡುವಿನ ಗ್ಯಾಪ್, ಅದರ ವಿಷಯ ಬೇಗ ಮುಗಿಸುತ್ತೇನೆ. ವಾಲ್ವ್ ಗ್ರೈಂಡಿಂಗ್ ಆದ ಹೆಡ್ಡಿನಲ್ಲಿ ಗ್ಯಾಪ್ ಕಡಿಮೆ ಆಗಿಯೇ ಆಗುತ್ತದೆ. ಒಂದು ಇಂಜಿನ್‌ನಲ್ಲಿ ಎಕ್ಸಾಸ್ಟ್ 0.30 ಇರಬೇಕಾದಲ್ಲಿ 0.12 ಬಂತು. ಬಕೆಟ್ ದಪ್ಪ 5.42 ಇತ್ತು, ಬೇಕಾದದ್ದು 5.24. ಹೀಗೆ ಆರು ವಾಲ್ವ್ ತಪ್ಪಿದ್ದವು. ಆರೂ ಹೊಸದು ತರಿಸಿ ಅಂದರು. ಹದಿನಾರೂ ಬಕೆಟನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಪಟ್ಟಿ ಮಾಡಿ ಒಂದರ ಜಾಗಕ್ಕೆ ಒಂದು ಹಾಕುತ್ತಾ ಹೋದೆ. ಸವೆತ ಇಲ್ಲದವನ್ನು ಮಾತ್ರ ಹೀಗೆ ಬದಲಾಯಿಸಿ. ಕೊನೆಗೆ ತರಿಸಬೇಕಾದದ್ದು ಎರಡೇ. ಗಾಡಿಯವರಿಗೆ ನಾಲ್ಕು ಬಕೆಟ್ ದುಡ್ಡು ಉಳಿಯಿತು, ಅವರ ಕಡೆಯಿಂದ ನನಗೆ ಇನ್ನೂ ಮೂರು ಗಾಡಿ ಬಂದವು.

ಆಮೇಲೆ ಕ್ಯಾಮ್ ಗುರುತಿಗೆ ತಂದು, ಕ್ರ್ಯಾಂಕ್ ಟಿಡಿಸಿಗೆ ವಾಪಸ್ ತಂದು, ಚೈನ್ ಹಾಕಿ, ಟೆನ್ಷನರ್ ಪಿನ್ ಎಳೆದು, ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸುವುದು. ಸ್ಟಾರ್ಟರ್ ಮುಟ್ಟುವ ಹಾಗಿಲ್ಲ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಅಲ್ಲೇ ನಿಲ್ಲಿಸಿ.

ಇನ್ನು ಟ್ಯಾಪೆಟ್ ಕವರ್. ಇದರಲ್ಲಿ ನನಗೆ ಎದುರು ಮಾತಾಡಿದವರು ಇನ್ನೂ ಜಾಸ್ತಿ. ಪ್ಯಾಕಿಂಗ್ ಸುತ್ತ ಸಿಲಿಕಾನ್ ಬಳಿಯದೆ ಕವರ್ ಕೂರಿಸಿದರೆ ಸೋರುತ್ತದೆ ಅಂತ ಎಲ್ಲರದೂ ಒಂದೇ ಮಾತು. ಮೊದಮೊದಲು ನಾನೂ ಬಳಿಯುತ್ತಿದ್ದೆ. ಒಂದು ಗಾಡಿ ಮೂರು ಸಲ ವಾಪಸ್ ಬಂತು. ಮೂರು ಪ್ಯಾಕಿಂಗ್, ಮೂರು ಟ್ಯೂಬ್ ಸಿಲಿಕಾನ್, ಮೂರು ದಿನದ ಕೆಲಸ, ಎಲ್ಲಾ ಪುಕ್ಕಟೆ. ರಬ್ಬರ್ ಪ್ಯಾಕಿಂಗ್ ಅಡಿಯಲ್ಲಿ ಸಿಲಿಕಾನ್ ಇದ್ದರೆ ಅದು ಜಾರುತ್ತದೆ. ಬೋಲ್ಟ್ ಬಿಗಿಯಾದಂತೆ ಪ್ಯಾಕಿಂಗ್ ತನ್ನ ಗ್ರೂವ್‌ನಿಂದ ಹೊರಗೆ ಸರಿಯುತ್ತದೆ. ಇನ್ನೊಂದು ಇಂಜಿನ್‌ನಲ್ಲಿ ಆಯಿಲ್ ಚೇಂಬರ್ ಬಿಚ್ಚಿದಾಗ ಸ್ಟ್ರೈನರ್ ಜಾಲರಿಗೆ ಸಿಲಿಕಾನ್ ಎಳೆಗಳು ಅಂಟಿಕೊಂಡಿದ್ದವು. ಒಳಗಡೆ ಉಬ್ಬಿ ಬಂದದ್ದು ಕಿತ್ತು ಬಿದ್ದಿದೆ. ಅದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ಎಣ್ಣೆ ಹತ್ತದೆ ಹೋಗಿದ್ದರೆ ಇಂಜಿನ್ನೇ ಹೋಗುತ್ತಿತ್ತು.

ಈಗ ಪ್ಯಾಕಿಂಗ್ ಪೂರ್ತಿ ಒಣ. ಸಿಲಿಕಾನ್ ಬೇಕಾಗುವುದು ಟೈಮಿಂಗ್ ಕವರ್ ಹೆಡ್ಡಿಗೆ ಕೂಡುವ ಎರಡು ಜಾಗ, ಮತ್ತು ಅರ್ಧಚಂದ್ರ ಆಕಾರದ ಪ್ಲಗ್ ಇರುವ ಹೆಡ್ ಆದರೆ ಅದರ ಮೂಲೆಗಳು. ಬೆಂಕಿಕಡ್ಡಿ ತಲೆಯಷ್ಟು ಸಾಕು. ಹಚ್ಚಿ ಐದು ನಿಮಿಷದೊಳಗೆ ಕವರ್ ಕೂರಬೇಕು, ಚರ್ಮ ಕಟ್ಟಿದರೆ ಪ್ರಯೋಜನ ಇಲ್ಲ. ಅದಕ್ಕೂ ಮುಂಚೆ ಹೆಡ್ ಮುಖ ಒರೆಸುವುದೇ ಅರ್ಧ ಕೆಲಸ. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದು, ಬ್ರೇಕ್ ಕ್ಲೀನರ್ ಹಾಕಿದ ಬಿಳಿ ಬಟ್ಟೆಯಲ್ಲಿ, ಬಟ್ಟೆ ಬಿಳಿಯಾಗಿಯೇ ಬರುವವರೆಗೆ. ಕಬ್ಬಿಣದ ಬ್ಲೇಡ್ ಬೇಡ, ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೆ ಅದೇ ಕಾಲುವೆ. ಪ್ಯಾಕಿಂಗ್ ಮೂಲೆಗಳು ಕವರ್ ತಿರುಗಿಸುವಾಗ ಉದುರದಂತೆ ಹಿಡಿಸಲು ನನ್ನದೇ ಒಂದು ಉಪಾಯ ಇದೆ. ಮುಖತಃ ಸಿಕ್ಕಾಗ ತೋರಿಸುತ್ತೇನೆ.

ಬೋಲ್ಟ್ ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ. ಮೊದಲು 4, ಆಮೇಲೆ 9 ನ್ಯೂಟನ್ ಮೀಟರ್ ಇರಬಹುದು, ನಿಮ್ಮ ಇಂಜಿನ್‌ದು ನೋಡಿಕೊಳ್ಳಿ. ಮರುದಿನ ಮತ್ತೊಮ್ಮೆ ಎಳೆಯುವ ಅಭ್ಯಾಸ ಇದ್ದರೆ ಬಿಡಿ. ರಬ್ಬರ್ ಹಿಂಡಿಹೋಗುತ್ತದೆ.

ಆ ಮೂರು ಸಲ ವಾಪಸ್ ಬಂದ ಗಾಡಿಗೆ ಇನ್ನೊಂದು ಕಾಯಿಲೆಯೂ ಇತ್ತು. ಕವರ್ ವಾರೆಯಾಗಿದೆ, ಹೊಸದು ಹಾಕಿ ಅಂದಿದ್ದರು. ಹೊಸ ಕವರ್ ದುಡ್ಡಲ್ಲಿ ಎಂಟು ಪ್ಯಾಕಿಂಗ್ ಬರುತ್ತವೆ. ದಪ್ಪ ಗಾಜಿನ ಮೇಲೆ ಕವರ್ ಬೋರಲು ಹಾಕಿ ಸುತ್ತಲೂ ಫೀಲರ್ ಹಾಕಿ ನೋಡಿದೆ. ಎಲ್ಲೂ 0.10 ದಾಟಲಿಲ್ಲ. ಕವರ್ ಸರಿ ಇದೆ. ಹಾಗಾದರೆ ಎಣ್ಣೆ ಬರುವುದು ಎಲ್ಲಿಂದ? ಇಂಜಿನ್ ತೊಳೆದು ಒಣಗಿಸಿ, ಅಂಚಿಗೆ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿದೆ. ಹಿಂದಿನ ಮೂಲೆಯಲ್ಲಿ ಬಿಳಿ ಪುಡಿ ಮೇಲೆ ಕಂದು ಚುಕ್ಕಿ ಮೂಡಿ ನಿಧಾನ ಹರಡಿತು. ಆಮೇಲೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ದಪ್ಪ ಹಾಳೆ ಇಟ್ಟೆ. ಐಡ್ಲಿಂಗ್‌ನಲ್ಲಿ ಹಾಳೆಯನ್ನು ಒಳಗೆಳೆಯಬೇಕು. ಇದು ಹಾಳೆಯನ್ನು ಎತ್ತಿ ಎತ್ತಿ ಬಿಸಾಡುತ್ತಿತ್ತು. ಇಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿತ್ತು. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಪ್ಯಾಕಿಂಗ್ ಸಂದಿಯಲ್ಲೇ ಎಣ್ಣೆ ತಳ್ಳಿಕೊಂಡು ಬರುತ್ತದೆ. ಒಂದು ಪ್ಯಾಕಿಂಗ್‌ಗಿಂತ ಅಗ್ಗದ ವಾಲ್ವ್. ಅದನ್ನು ಬದಲಾಯಿಸಿ, ಒಣ ಪ್ಯಾಕಿಂಗ್ ಹಾಕಿ ಕಳಿಸಿದೆ. ಈಗ ಸುಮಾರು 30,000 ಕಿಲೋಮೀಟರ್ ಆಗಿದೆ. ಪ್ರತಿ ಸರ್ವಿಸ್‌ಗೂ ಆ ಹಿಂದಿನ ಮೂಲೆಗೆ ಬೆರಳು ಹಾಕಿ ನೋಡುತ್ತೇನೆ. ಧೂಳು ಮಾತ್ರ ಬರುತ್ತದೆ.

ಈ ವಾರ ಹೈಡ್ರಾಲಿಕ್ ಲಿಫ್ಟರ್ (ಎಣ್ಣೆ ಒತ್ತಡದಿಂದ ವಾಲ್ವ್ ಗ್ಯಾಪ್ ತಾನೇ ಸರಿ ಮಾಡಿಕೊಳ್ಳುವ ಟ್ಯಾಪೆಟ್) ಇರುವ ಹೆಡ್ ಒಂದು ಬಂದಿದೆ. ಅದರಲ್ಲಿ ಕ್ಯಾಮ್ ಕೂರಿಸಿದ ಮೇಲೆ ಲಿಫ್ಟರ್ ಇಳಿಯಲು ಅರ್ಧ ಗಂಟೆ ಬಿಡಬೇಕು, ಅಲ್ಲಿಯವರೆಗೆ ಕ್ರ್ಯಾಂಕ್ ತಿರುಗಿಸುವ ಹಾಗಿಲ್ಲ. ಅದರ ಗ್ಯಾಪ್‌ಗಳನ್ನೂ ರಟ್ಟಿನ ಮೇಲೆ ಬರೆಯುತ್ತಿದ್ದೇನೆ.