ಮೂರು ಕುರ್ಚಿ ಹಾಕಿ ಪ್ರೊನೌನ್ ಕಲಿಸಿದೆ

ರಿಪೋರ್ಟೆಡ್ ಸ್ಪೀಚ್‌ನಲ್ಲಿ (ಒಬ್ಬರ ಮಾತನ್ನು ಇನ್ನೊಬ್ಬರು ವರದಿ ಮಾಡಿ ಹೇಳೋದು) ಮಕ್ಕಳು ಟೆನ್ಸನ್ನು ಹೇಗೋ ಸರಿ ಮಾಡಿಕೊಳ್ಳುತ್ತಾರೆ. ಎಡವೋದು ಐ, ಯು, ಹೀ ಥರದ ಪ್ರೊನೌನ್‌ನಲ್ಲೇ. ಕುರ್ಚಿ ಹಾಕಿ ಕಲಿಸ್ತೀನಿ ಅಂದಾಗ 'ಇದೇನು ಇಂಗ್ಲಿಷ್ ಕ್ಲಾಸೋ, ನಾಟಕದ ರಿಹರ್ಸಲ್ಲೋ' ಎಂದು ನಕ್ಕವರೇ ಜಾಸ್ತಿ. ನಕ್ಕವರಲ್ಲಿ ಇಬ್ಬರು ಮೂವರು ಈಗ ಹಿಂದಿನ ಬೆಂಚಲ್ಲಿ ಕೂತು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಸ್‌-ಓ-ಎನ್ ಸೂತ್ರ ಇಂಗ್ಲಿಷ್ ಕಲಿಸುವ ನಿಮಗೆಲ್ಲ ಬಾಯಿಪಾಠ: ಫಸ್ಟ್ ಪರ್ಸನ್ (ಐ, ವೀ) ಸಬ್ಜೆಕ್ಟ್ ಪ್ರಕಾರ ಬದಲು, ಸೆಕೆಂಡ್ ಪರ್ಸನ್ (ಯು) ಆಬ್ಜೆಕ್ಟ್ ಪ್ರಕಾರ ಬದಲು, ಥರ್ಡ್ ಪರ್ಸನ್‌ಗೆ (ಹೀ, ಶೀ, ದೇ) ನೋ ಚೇಂಜ್. ಅದಕ್ಕೆ ಬಣ್ಣದ ಕಾರ್ಡು ಮಾಡಿಸಿದೆ, ಲ್ಯಾಮಿನೇಶನ್ ಬೇರೆ. ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ವಾರದ ಸಂಬಳ ಕೈಬಿಟ್ಟಿತು. ಮಕ್ಕಳು ಬಣ್ಣ ಸರಿಯಾಗಿ ಜೋಡಿಸಿದರು, ಉತ್ತರ ತಪ್ಪು ಬರೆದರು. ಟೆಸ್ಟಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ಸರಿ ಬಂದಿರಬೇಕು, ಅಷ್ಟೇ. ಕಾರ್ಡುಗಳು ಈಗಲೂ ಬೀರುವಿನಲ್ಲಿವೆ, ಬೇಕಾದವರು ಒಯ್ಯಬಹುದು.

ಸೂತ್ರದಲ್ಲೇ ತೂತಿದೆ. 'ಹೀ ಸೆಡ್, "ಯು ಆರ್ ರಾಂಗ್"' ಅಂತ ಕೊಟ್ಟರೆ ಆಬ್ಜೆಕ್ಟೇ ಇಲ್ಲ, ಆ ಯು ಯಾರು? ಥರ್ಡ್ ಪರ್ಸನ್ ಬದಲಾಗಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಸುಮಾ ಕಿರಣ್‌ಗೆ ಮನು ಬಗ್ಗೆ 'ಹೀ ಈಸ್ ಲೇಜಿ' ಅಂದಳು. ಅದನ್ನು ಮನುವೇ ಬಂದು ನಮಗೆ ಹೇಳಿದರೆ 'ಸುಮಾ ಟೋಲ್ಡ್ ಕಿರಣ್ ದಟ್ ಐ ವಾಸ್ ಲೇಜಿ' ಆಗುತ್ತೆ. ಹೀ ಹೋಗಿ ಐ ಬಂತು, ಅಲ್ವಾ?

ನನ್ನ ಮೂರು ಕುರ್ಚಿ ಇಷ್ಟೇ: ಹೇಳಿದವರು, ಕೇಳಿಸಿಕೊಂಡವರು, ವರದಿ ಒಪ್ಪಿಸುವವರು. ಸುಮಾ ಕಿರಣ್‌ಗೆ 'ಐ ವಿಲ್ ಗಿವ್ ಯು ಮೈ ಬುಕ್' ಅನ್ನುತ್ತಾಳೆ. ಮೊದಲು ಪ್ರೊನೌನ್ ತೆಗೆದು ಹೆಸರು ಹಾಕಿಸುತ್ತೇನೆ: ಸುಮಾ, ಕಿರಣ್‌ಗೆ, ಸುಮಾಳ ಪುಸ್ತಕ. ಆಮೇಲೆ ಮೂರನೇ ಕುರ್ಚಿಯವರು ಬಾಯಿ ಬಿಡಬೇಕು. ಹೊರಗಿನವರು ಕೂತಿದ್ದರೆ 'ಶೀ ವುಡ್ ಗಿವ್ ಹಿಮ್ ಹರ್ ಬುಕ್'. ಕಿರಣನೇ ಅಲ್ಲಿ ಬಂದು ಕೂತರೆ ಹಿಮ್ ಹೋಗಿ ಮಿ. ಸುಮಾಳೇ ಕೂತರೆ 'ಐ ವುಡ್ ಗಿವ್ ಹಿಮ್ ಮೈ ಬುಕ್'. ಮಾತು ಒಂದೇ, ಕುರ್ಚಿ ಬದಲಾದ ಹಾಗೆ ಪ್ರೊನೌನ್ ಬದಲು. ಎರಡು ಮೂರು ವಾರದಲ್ಲಿ ಹತ್ತರಲ್ಲಿ ಏಳೆಂಟು ಮಕ್ಕಳಿಗೆ ಹಿಡಿತ ಬಂತು. ಖರ್ಚು ಸೊನ್ನೆ!

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಕನ್ನಡದಲ್ಲಿ ನಾವು 'ನಾನು ಬರ್ತೀನಿ ಅಂತ ರವಿ ಹೇಳಿದ' ಅಂತೀವಿ, ನಾನು ಹಾಗೇ ಉಳಿಯುತ್ತೆ. ಮಕ್ಕಳು ಇಂಗ್ಲಿಷಲ್ಲೂ ಅದನ್ನೇ ಮಾಡಿ 'ರವಿ ಸೆಡ್ ದಟ್ ಐ ವಿಲ್ ಕಮ್' ಅಂತ ಬರೀತಾರೆ. ಆ ನಾನು ಇರುವ ಜಾಗದಲ್ಲಿ ತಾನು ಹಾಕಿಸಿದೆ. ತಾನು ಹೊಂದಿದರೆ ಅಲ್ಲಿ ಹೀ ಅಥವಾ ಶೀ. ವರದಿ ಮಾಡುವವರು ಹೊರಗಿನವರಾದರೆ ಇದು ಚೆನ್ನಾಗಿ ನಡೆಯುತ್ತೆ. ಹೇಳಿದವರೇ ವರದಿ ಮಾಡಿದರೆ ಕೈಕೊಡುತ್ತೆ. ಹಾಗಾಗಿ ತಾನು ನಿಧಾನದ ಮಕ್ಕಳಿಗೆ ಮಾತ್ರ.

ತಲೆನೋವು ಅಂದರೆ ವೀ. ಮೂರನೇ ಕುರ್ಚಿಯವರು ಆ ಗುಂಪಿನ ಒಳಗಿದ್ದರೆ ವೀ ಉಳಿಯುತ್ತೆ, ಹೊರಗಿದ್ದರೆ ದೇ ಆಗುತ್ತೆ. ಇದನ್ನು ಕುರ್ಚಿ ಎಳೆದು ಜೋಡಿಸಿಯೇ ತೋರಿಸಬೇಕು. ಆ ಜೋಡಣೆಯಲ್ಲಿ ಒಂದು ಸಣ್ಣ ಕೈಚಳಕ ಇದೆ. ಹಿಂದಿನ ಬೆಂಚಲ್ಲಿ ಕೂತಿದ್ದವರೂ ಕೇಳಿದರು, ಹೇಳಲಿಲ್ಲ.