ಪಂಪಿನ ಸಕ್ಷನ್ ಪೈಪಿನಲ್ಲಿ ಕಂಜೂಸ್‌ತನ ಬೇಡ
ಪಂಪಿನ ನಾಝಲ್ (ಪೈಪು ಸೇರುವ ಬಾಯಿ) 80 ಮಿ.ಮೀ. ಇದೆ ಅಂತ ಸುಮ್ನೆ ಸಕ್ಷನ್ ಪೈಪನ್ನೂ (ಪಂಪಿಗೆ ನೀರು ತರುವ ಪೈಪು) 80 ಹಾಕಬೇಡಿ. ಮೊದಮೊದಲು ನಾನೂ ಹಾಗೇ ಮಾಡುತ್ತಿದ್ದೆ.

ಲೆಕ್ಕ ನೋಡಿ. ಗಂಟೆಗೆ 36 ಘನ ಮೀಟರ್ ನೀರು ಅಂದರೆ ಸೆಕೆಂಡಿಗೆ 10 ಲೀಟರ್. 80ರ ಪೈಪಿನಲ್ಲಿ ಅದು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಓಡುತ್ತದೆ, 100ರಲ್ಲಿ 1.3 ಅಷ್ಟೇ. ಡಿಸ್ಚಾರ್ಜ್ ಕಡೆ, ಅಂದರೆ ನೀರು ಹೊರಹೋಗುವ ಕಡೆ, 2 ಪರವಾಗಿಲ್ಲ, ಸಕ್ಷನ್‌ಗೆ ಜಾಸ್ತಿಯಾಯಿತು. ಹರಿವು ಅಷ್ಟೇ ಇದ್ದರೆ ಘರ್ಷಣೆಯ ನಷ್ಟ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಇಳಿಯುವುದರಿಂದ, ಒಂದೇ ಸೈಜ್ ದೊಡ್ಡದು ಮಾಡಿದರೂ ನಷ್ಟ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಬರುತ್ತದೆ.

ಬಿಸಿ ನೀರಾದರೆ ಇನ್ನೂ ಹುಷಾರಾಗಿರಿ. 20 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಕಾಲು ಮೀಟರ್ ಹೆಡ್ (ನೀರಿನ ಕಂಬದ ಎತ್ತರದಲ್ಲಿ ಅಳೆದ ಒತ್ತಡ) ಕೂಡ ಇಲ್ಲ, 80 ಡಿಗ್ರಿಗೆ ಹೋದರೆ ಅದೇ ಸುಮಾರು 5 ಮೀಟರ್ ತಿಂದುಹಾಕುತ್ತದೆ. ತೆರೆದ ಟ್ಯಾಂಕಿನಲ್ಲಿ ವಾತಾವರಣ ಕೊಡುವುದೇ ಹತ್ತು ಮೀಟರ್ ಚಿಲ್ಲರೆ ಅಲ್ವಾ? ಉಳಿದದ್ದರಲ್ಲಿ ಪೈಪಿನ ನಷ್ಟ ಕಳೆದು, ಟ್ಯಾಂಕಿನ ಮಟ್ಟ ಪಂಪಿಗಿಂತ ಮೇಲಿದ್ದರೆ ಅದನ್ನು ಕೂಡಿಸಿ (ಕೆಳಗಿದ್ದರೆ ಅದನ್ನೂ ಕಳೆಯಿರಿ), ಪಂಪ್ ಕೇಳುವ ಎನ್‌ಪಿಎಸ್‌ಹೆಚ್‌ಗಿಂತ (ನೀರು ಒಳಗೇ ಆವಿಯಾಗದಿರಲು ಪಂಪಿನ ಬಾಯಲ್ಲಿ ಆವಿ ಒತ್ತಡಕ್ಕಿಂತ ಮೇಲೆ ಬೇಕಾದ ಕನಿಷ್ಠ ಹೆಡ್) ಮೇಲೆ ಎಷ್ಟು ಉಳಿಯುತ್ತದೆ ನೋಡಿ. ಟ್ಯಾಂಕಿನ ಕನಿಷ್ಠ ಮಟ್ಟವನ್ನೇ ಹಿಡಿಯಿರಿ, ತುಂಬಿದ್ದಲ್ಲ. ಈ ಉಳಿಕೆ ಕಡಿಮೆಯಾದರೆ ಆವಿ ಗುಳ್ಳೆಗಳೆದ್ದು ಒಡೆದು, ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬರುತ್ತದೆ.

ಆಮೇಲೆ, 100ರಿಂದ 80ಕ್ಕೆ ಇಳಿಸುವ ರೆಡ್ಯೂಸರ್ ಎಕ್ಸೆಂಟ್ರಿಕ್ (ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಇಳಿಜಾರು) ಇರಲಿ. ಅಡ್ಡ ಲೈನಿನಲ್ಲಿ ಅದರ ಚಪ್ಪಟೆ ಬದಿ ಮೇಲಕ್ಕೆ, ಇಲ್ಲದಿದ್ದರೆ ಗಾಳಿ ಅಲ್ಲೇ ಕೂತುಬಿಡುತ್ತದೆ.