ವರ್ಷದ ಮೆಣಸಿನಕಾಯಿ ಮತ್ತು ಡಬ್ಬಿಯೊಳಗಿನ ತೇವ

ಯುಗಾದಿಯ ಆಸುಪಾಸಿನಲ್ಲಿ ವರ್ಷಕ್ಕಾಗುವಷ್ಟು ಕೆಂಪು ಮೆಣಸಿನಕಾಯಿ ಕೊಂಡು, ಮಾಳಿಗೆಯ ಮೇಲೆ ಹರವಿ ಒಣಗಿಸಿ ಎತ್ತಿಡುವ ರೂಢಿ ರಾಯಚೂರು ಸೀಮೆಯ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ನಮ್ಮ ಅತ್ತೆಯವರ ಕಾಲದಲ್ಲಿ ಅದಕ್ಕೆ ಗೋಣಿಚೀಲವೇ ಮನೆಯಾಗಿತ್ತು; ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಗೋಣಿಚೀಲವು ಮಳೆಗಾಲದಲ್ಲಿ ತೇವವನ್ನು ಒಳಗೆ ಬಿಟ್ಟುಕೊಂಡರೂ ಬಿಸಿಲು ಬಿದ್ದಾಗ ಅದನ್ನು ಹೊರಗೂ ಬಿಡುತ್ತಿತ್ತು. ಡಬ್ಬಿ ಹಾಗಲ್ಲ. ಮುಚ್ಚುವ ದಿನ ಒಳಗೆ ಎಷ್ಟು ತೇವ ಹೋಯಿತೋ ಅಷ್ಟೂ ಅಲ್ಲಿಯೇ ಕೂಡುತ್ತದೆ.

ಈ ಮಾತನ್ನು ನಾನು ಕಲಿತದ್ದು ಹದಿನೈದು ಕಿಲೋ ಕಾಯಿಯ ಬೆಲೆ ತೆತ್ತು. ಒಂದು ವರ್ಷ ಮಳೆಮೋಡ ಕಂಡು ಅವಸರಪಟ್ಟು, ಮಾಳಿಗೆಯಿಂದ ಇಳಿಸಿದ ಬಿಸಿ ಕಾಯಿಯನ್ನು ಆರಲು ಬಿಡದೆ ದೊಡ್ಡ ಡಬ್ಬಿಗೆ ತುಂಬಿ ಮುಚ್ಚಿದೆ. ರಾತ್ರಿ ಡಬ್ಬಿಯ ಗೋಡೆ ತಣ್ಣಗಾದಂತೆ ಒಳಗಿನ ಆವಿ ನೀರಾಗಿ ಕೂತಿದೆ. ಆಷಾಢದಲ್ಲಿ ತೆರೆದಾಗ ಮುಚ್ಚಳದ ಒಳಮೈಯಲ್ಲಿ ಹನಿಗಳಿದ್ದವು, ತೊಟ್ಟಿನ ಬುಡದಲ್ಲಿ ಬಿಳಿಯ ನೂಲಿನಂಥ ಬೂಷ್ಟು ಹಿಡಿದಿತ್ತು. ಬೂಷ್ಟು ಬಂದ ಕಾಯಿಯನ್ನು ಒರೆಸಿ, ಒಣಗಿಸಿ, ಕುಟ್ಟಿ ಪುಡಿ ಮಾಡಿದರಾಯಿತು ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಬೂಷ್ಟಿನಲ್ಲಿ ಹುಟ್ಟಬಹುದಾದ ಅಫ್ಲಟಾಕ್ಸಿನ್ ಎಂಬ ವಿಷವು ಬಿಸಿಲಿಗಾಗಲಿ ಒಗ್ಗರಣೆಯ ಬಿಸಿಗಾಗಲಿ ಹೋಗುವುದಿಲ್ಲ, ಮತ್ತು ಅದು ಯಕೃತ್ತಿಗೆ ಕೆಡುಕು ಮಾಡುತ್ತದೆ. ನಾನು ಅಷ್ಟನ್ನೂ ಹೊರಗೆ ಹಾಕಿಸಿದೆ.

ಆಮೇಲೆ ಮಗ ತಂದುಕೊಟ್ಟದ್ದು ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಗುಂಡಿ ಬ್ಯಾಟರಿಯಿಂದ ನಡೆಯುವ ಹೈಗ್ರೋಮೀಟರ್. ಅದು ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಆದರೆ ಕಡಿಮೆ ಬೆಲೆಯ ಮೀಟರ್‌ಗಳು ಐದಾರು ಅಂಕ ಹಿಂದೆಮುಂದೆ ಇರುವುದು ಸಾಮಾನ್ಯವಾದ್ದರಿಂದ, ತಂದ ದಿನವೇ ಅದನ್ನು ಉಪ್ಪಿನಿಂದ ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳವೊಂದರಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಅದು ಕರಗದೆ ಒದ್ದೆ ಮರಳಿನಂತೆ ಆಗುವಷ್ಟು ಮಾತ್ರ ನೀರು ಹನಿಸಿ. ಇದಕ್ಕೆ ಕಲ್ಲುಪ್ಪು ಬೇಡ, ಅದರಲ್ಲಿ ಬೆರೆತಿರುವ ಬೇರೆ ಲವಣಗಳು ಲೆಕ್ಕವನ್ನು ಕೆಡಿಸುತ್ತವೆ. ಆ ಮುಚ್ಚಳವನ್ನೂ ಮೀಟರನ್ನೂ ಒಂದಕ್ಕೊಂದು ತಾಗದಂತೆ ಖಾಲಿ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಒಂದು ಪೂರ್ತಿ ಹಗಲು ರಾತ್ರಿ ಅಲುಗಿಸದೆ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಮುಚ್ಚಿದ ಗಾಳಿಯಲ್ಲಿ ತೇವವು ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮೀಟರ್ 70 ತೋರಿಸಿದರೆ ಅದು ಐದು ಅಂಕ ಕಡಿಮೆ ಹೇಳುತ್ತದೆ ಎಂದರ್ಥ. ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿಬಿಡಿ. ಇದರಲ್ಲಿಯೇ ಡಬ್ಬಿಯ ಪರೀಕ್ಷೆಯೂ ಆಗುತ್ತದೆ: ಉಪ್ಪನ್ನು ತೆಗೆದು ಒಣ ಡಬ್ಬಿಯಲ್ಲಿ ಮೀಟರನ್ನು ಮಾತ್ರ ಮುಚ್ಚಿಟ್ಟಾಗ, ಹೊರಗಿನ ಗಾಳಿಯ ತೇವ ಏರಿಳಿದಂತೆ ಒಳಗಿನ ಅಂಕಿಯೂ ಏರಿಳಿದರೆ ಮುಚ್ಚಳದ ರಬ್ಬರು ಸಡಿಲವಾಗಿದೆ ಎಂದು ತಿಳಿಯಬೇಕು.

ಇನ್ನು ಕಾಯಿ ತುಂಬುವ ಮಾತು. ಒಣ ಮೆಣಸಿನಕಾಯಿಯಲ್ಲಿ ನೀರಿನ ಅಂಶ ತೂಕದ ನೂರಕ್ಕೆ 11ನ್ನು ಮೀರಬಾರದು. ಆದರೆ ಮಾರಾಟಕ್ಕೆ ಬರುವ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವವರು ಇರುವುದರಿಂದ, ತಂದದ್ದನ್ನು ಹಾಗೆಯೇ ತುಂಬುವುದು ತರವಲ್ಲ. ನಮ್ಮ ಕಡೆಯ ಚೈತ್ರದ ಬಿಸಿಲಿಗೆ ಮೂರು ದಿನ ಸಾಕು. ಸಂಜೆ ನೆರಳಿಗೆ ತಂದು, ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆಯೇ ತೊಟ್ಟಿನ ಸಮೇತ ಡಬ್ಬಿಗೆ ಹಾಕಿ, ಮೀಟರನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಾಯಿಯ ನಡುವೆ, ಅಂಕಿ ಡಬ್ಬಿಯ ಗೋಡೆಯಿಂದ ಕಾಣುವಂತೆ ಇಡಿ. ಮೇಲೆಯೇ ಇಟ್ಟರೆ ತಳದ ಸುದ್ದಿ ತಿಳಿಯುವುದಿಲ್ಲ. ಒಲೆಯ ಪಕ್ಕ, ಕಿಟಕಿಯ ಬಿಸಿಲು ಎರಡೂ ಬೇಡ. ಬೆಳಕಿಗೆ ಬ್ಯಾಡಗಿ ಕಾಯಿಯ ಬಣ್ಣವೂ ಮಾಸುತ್ತದೆ.

ಮೊದಲ ದಿನದ ಅಂಕಿಯನ್ನು ನಂಬಬೇಡಿ. ಕಾಯಿಯ ಒಡಲಿನ ತೇವವು ನಿಧಾನವಾಗಿ ಹೊರಬಂದು ಗಾಳಿಯೊಂದಿಗೆ ಸರಿಹೊಂದಲು ಎರಡು ಮೂರು ದಿನ ಬೇಕಾಗುತ್ತದೆ. ಹೋದ ವರ್ಷ ಮೊದಲ ಸಂಜೆ 52 ಇದ್ದದ್ದನ್ನು ಕಂಡು ನೆಮ್ಮದಿಯಿಂದಿದ್ದೆ. ನಾಲ್ಕನೆಯ ದಿನ ಸೊಸೆ ಬಂದು, “ಅತ್ತೀ, ಮೀಟರಿನ್ಯಾಗ 68 ಬಂದೈತ್ರಿ” ಎಂದಳು. ಮತ್ತೆ ಎರಡು ದಿನ ಮಾಳಿಗೆಗೆ ಏರಿಸಿದೆವು. ಆದ್ದರಿಂದ ಮೊದಲ ಹದಿನೈದು ದಿನ ಪ್ರತಿ ಮುಂಜಾನೆ ಒಂದೇ ಹೊತ್ತಿಗೆ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವುದು ಒಳ್ಳೆಯದು, ಆಮೇಲೆ ವಾರಕ್ಕೊಮ್ಮೆ ನೋಡಿದರೂ ನಡೆಯುತ್ತದೆ. 50ರಿಂದ 60ರೊಳಗೆ ನಿಂತರೆ ಕಾಯಿ ಹದವಾಗಿರುತ್ತದೆ. 65 ದಾಟಿದರೆ ಮರುದಿನವೇ ಹೊರಗೆ ಹರವಬೇಕು. 40ಕ್ಕೆ ಇಳಿದರೆ ಕೆಡುವುದಿಲ್ಲವಾದರೂ ಮುಟ್ಟಿದರೆ ಪುಡಿಯಾಗಿ ಬೀಜ ಉದುರುತ್ತದೆ.

ಒಂದೆರಡು ಅಂಕ ಹೆಚ್ಚಿದ್ದಾಗ ಬಾಣಲೆಯಲ್ಲಿ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಟ್ಟರೆ ಸಾಕಾಗುತ್ತದೆ. ತಿನ್ನುವ ಪದಾರ್ಥದ ಜೊತೆ ನೀಲಿ ಬಣ್ಣದ ಸಿಲಿಕಾ ಜೆಲ್ ಹರಳುಗಳನ್ನು ಇಡಬೇಡಿ, ಆ ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷಕಾರಿ.

ತೇವದ ಜೊತೆ ಸೆಕೆಯೂ ಸೇರಿದಾಗ ಬರುವ ಇನ್ನೊಂದು ಪೀಡೆ ಸಣ್ಣ ಕಂದು ಹುಳ. ತಂಬಾಕನ್ನೂ ಸಿಗಾರನ್ನೂ ಕೊರೆಯುವ ಸಿಗರೇಟ್ ಬೀಟಲ್ ಎಂಬ ಹುಳವೇ ಮೆಣಸಿನಕಾಯಿ, ಅರಿಶಿನ, ಕೊತ್ತಂಬರಿ ಬೀಜಗಳಿಗೂ ಬೀಳುತ್ತದೆ. ಕಾಯಿಯ ಮೈಮೇಲೆ ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಆ ಡಬ್ಬಿಯ ಕಾಯಿಯನ್ನೆಲ್ಲ ಬೇರೆ ಮಾಡಿ, ತೂತು ಬಿದ್ದವನ್ನು ಬಿಸಾಡಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಬೇಕು. ಹೊರತೆಗೆದ ಕೂಡಲೇ ಚೀಲದ ಗಂಟು ಬಿಚ್ಚಿದರೆ ಹೊರಗಿನ ಗಾಳಿಯ ತೇವವೆಲ್ಲ ತಣ್ಣನೆಯ ಕಾಯಿಯ ಮೇಲೆ ನೀರಾಗಿ ಕೂಡುತ್ತದೆ. ಚೀಲದ ಹೊರಮೈಯ ಹನಿಗಳು ತಾವಾಗಿಯೇ ಆರುವವರೆಗೆ ಕಾದು, ಆಮೇಲೆ ಬಿಚ್ಚಿ ಡಬ್ಬಿಗೆ ಸುರಿಯಿರಿ.